ಕಾದ ಸ್ಲ್ಯಾಬಿಗೆ ಯಾವ ಹೊದಿಕೆ?

ಮೇ ತಿಂಗಳಲ್ಲಿ ರಾತ್ರಿ ಎಂಟಕ್ಕೆ ರಾಯಚೂರಿನ ಯಾವುದೇ ಓಣಿಯಲ್ಲಿ ಹೊರಗಿನ ಕಟ್ಟೆ ಮೇಲೆ ಕೂತರೆ ಒಂದಿಷ್ಟಾದರೂ ಗಾಳಿ ತಾಗುತ್ತದೆ. ಅದೇ ಹೊತ್ತಿನಲ್ಲಿ ಒಳಗೆ ಹೋಗಿ, ಮಂಚದ ಮೇಲೆ ನಿಂತು, ಅಂಗೈಯನ್ನು ಚಾವಣಿಗೆ ಒತ್ತಿ ನೋಡಿ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿ ಹಂಚಿನ ಹಾಗೆ ಬೆಚ್ಚಗಿರುತ್ತದೆ. ಹೊತ್ತು ಮುಳುಗಿ ಒಂದೂವರೆ ತಾಸಾದರೂ ಒಳಗಿನ ಧಗೆ ಆರಿರುವುದಿಲ್ಲ. ಐದಿಂಚಿನ ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಲು ಕೆಳಮೈಗೆ ಬಂದು ಮುಟ್ಟಲು ಮೂರು ನಾಲ್ಕು ತಾಸು ಬೇಕು. ಫ್ಯಾನು ಹಾಕಿದರೆ ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ.

ನಮ್ಮ ಸೀಮೆಯಲ್ಲಿ ಬಿಸಿಲಿನ ಪೆಟ್ಟು ಗೋಡೆಗಿಂತ ಮಾಳಿಗೆಗೇ ಹೆಚ್ಚು. ಬಳ್ಳಾರಿ, ಕೊಪ್ಪಳ 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ, ರಾಯಚೂರು 16ರ ಹತ್ತಿರ. ಮೇ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಗೋಡೆಗೆ ಬೀಳುವ ನೇರ ಬಿಸಿಲು ಅತ್ಯಲ್ಪ, ಮಾಳಿಗೆಗೆ ಬೀಳುವುದು ಚದರ ಮೀಟರಿಗೆ ಸುಮಾರು 1000 ವ್ಯಾಟ್. 20×30ರ ಮನೆಯ 600 ಚದರಡಿ ಮಾಳಿಗೆ ಎಂದರೆ 56 ಚದರ ಮೀಟರ್. ಬೂದು ಬಣ್ಣದ ಕಾಂಕ್ರೀಟು ಇದರಲ್ಲಿ ಮೂರರಲ್ಲಿ ಎರಡು ಪಾಲನ್ನು ಒಳಗೆಳೆದುಕೊಳ್ಳುತ್ತದೆ.

ಯಾವ ಹೊದಿಕೆ ಎಷ್ಟು ತಡೆಯುತ್ತದೆ ಎಂಬುದನ್ನು ಅಂಗಡಿಯವರ ಮಾತಿಗೆ ಬಿಡದೆ ಕಾಗದದ ಮೇಲೆ ಲೆಕ್ಕ ಹಾಕಬಹುದು. ಪದರದ ದಪ್ಪವನ್ನು ಮೀಟರಿನಲ್ಲಿ ಬರೆದು ಆ ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸಿದರೆ ಅದು ಒಡ್ಡುವ ತಡೆ ಸಿಗುತ್ತದೆ. ಕಾಂಕ್ರೀಟಿನ ವಾಹಕತೆ ಸುಮಾರು 1.6, ಇಟ್ಟಿಗೆ ಗಾರೆಯದು 0.8ರ ಸುತ್ತ, ಹಗುರ ಗುಳ್ಳೆ ಸಿಮೆಂಟಿನ ಎಎಸಿ ಬ್ಲಾಕಿನದು 0.17, ನೊರೆ ಪ್ಲಾಸ್ಟಿಕ್ಕಿನ ಎಕ್ಸ್‌ಪಿಎಸ್ ಹಲಗೆಯದು 0.03ರ ಹತ್ತಿರ. ಬರೀ ಸ್ಲ್ಯಾಬಿಗೆ, ಕೆಳಗಿನ ಗಿಲಾವು ಮತ್ತು ಎರಡೂ ಬದಿಗೆ ಅಂಟಿಕೊಂಡಿರುವ ತೆಳು ಗಾಳಿಪೊರೆ ಸೇರಿಸಿದರೆ, ಒಟ್ಟು ತಡೆ 0.31. ಒಂದನ್ನು ಇದರಿಂದ ಭಾಗಿಸಿದರೆ 3.2. ಒಂದು ಚದರ ಮೀಟರಿನಲ್ಲಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಳಗಿಳಿಯುವ ವ್ಯಾಟ್ ಇಷ್ಟು. ಮೇಲ್ಮೈ 60 ಡಿಗ್ರಿ, ಒಳಗೆ 32 ಎಂದಿಟ್ಟುಕೊಂಡರೆ 3.2ನ್ನು 28ರಿಂದ, ಮತ್ತೆ 56ರಿಂದ ಗುಣಿಸಬೇಕು: ಹೆಚ್ಚೂಕಡಿಮೆ 5 ಕಿಲೋವ್ಯಾಟ್. ಒಂದೂವರೆ ಟನ್ ಎಸಿ ಹೊರಗೆ ಹಾಕಬಲ್ಲ ಶಾಖವೂ ಸುಮಾರು ಅಷ್ಟೇ. ಅಂದರೆ ಬರಿಮೈ ಮಾಳಿಗೆಯ ಕೆಳಗೆ ಎಸಿ ಹಾಕಿದವರು ಅದರ ಶಕ್ತಿಯನ್ನೆಲ್ಲ ಮಾಳಿಗೆಗೇ ಸುರಿಯುತ್ತಿದ್ದಾರೆ.

ಇದೇ ಲೆಕ್ಕದಲ್ಲಿ ಬೇರೆ ಬೇರೆ ಹೊದಿಕೆಗಳನ್ನು ಹಿಡಿದು ನೋಡಿ. ನಾಲ್ಕಿಂಚು ಇಟ್ಟಿಗೆ ಚೂರಿನ ಗಾರೆ ಹಾಕಿದರೆ 5 ಇದ್ದದ್ದು 3.6 ಕಿಲೋವ್ಯಾಟಿಗೆ ಇಳಿಯುತ್ತದೆ. ನಾಲ್ಕಿಂಚಿನ ಎಎಸಿ ಬ್ಲಾಕ್ ಹಾಸಿದರೆ 1.7. ಬರೀ ಒಂದಿಂಚಿನ ಎಕ್ಸ್‌ಪಿಎಸ್ ಹಲಗೆಗೆ 1.4, ಎರಡಿಂಚಿಗೆ 0.85, ಮೂರಿಂಚಿಗೆ 0.6. ಸ್ಲ್ಯಾಬು ಶಾಖ ಹಿಡಿದಿಟ್ಟು ತಡವಾಗಿ ಬಿಡುವುದು ಈ ಸರಳ ಲೆಕ್ಕದಲ್ಲಿಲ್ಲ, ಆದರೆ ಆಯ್ಕೆಗೆ ಇಷ್ಟು ಸಾಕು. ಮೂರು ವಿಷಯ ಎದ್ದು ಕಾಣುತ್ತವೆ. ಇಟ್ಟಿಗೆ ಗಾರೆ ನೀರಿಗಾಗಿ ಹಾಕುವಂಥದ್ದು, ಬಿಸಿಲಿಗೆ ಅದನ್ನು ನಂಬಬಾರದು. ಒಂದಿಂಚಿನ ಹಲಗೆ ನಾಲ್ಕಿಂಚಿನ ಬ್ಲಾಕನ್ನು ಮೀರಿಸುತ್ತದೆ. ಎರಡಿಂಚು ದಾಟಿದ ಮೇಲೆ ಹಾಕಿದ ದುಡ್ಡಿಗೆ ಸಿಗುವುದು ಬಹಳ ಕಡಿಮೆ. ಮನೆಗಳಿಗಾಗಿ 2018ರಲ್ಲಿ ಬಂದ ಕೇಂದ್ರದ ಇಕೋ ನಿವಾಸ್ ಸಂಹಿತೆ ಮಾಳಿಗೆಗೆ ಇಟ್ಟ ಮಿತಿ, ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಬರೀ ಸ್ಲ್ಯಾಬಿನ 3.2ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ನಾವು ಎಂಥ ಮಾಳಿಗೆ ಕಟ್ಟಿಕೊಳ್ಳುತ್ತಿದ್ದೇವೆ ಎಂಬುದು ತಿಳಿಯುತ್ತದೆ.

ಹಳೆಯ ಮಣ್ಣಿನ ಮಾಳಿಗೆ ತಂಪಾಗಿತ್ತಲ್ಲ, ಅದನ್ನೇ ಸ್ಲ್ಯಾಬಿನ ಮೇಲೆ ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ತೊಲೆ, ಜಂತಿ, ಹಲಗೆಗಳ ಮೇಲೆ ಮೊಳದಷ್ಟು ಮಣ್ಣು ಹೇರಿ, ಮೇಲೆ ಸವುಳು ಮಣ್ಣಿನ ಪದರ ಕೊಟ್ಟ ಆ ಮಾಳಿಗೆ ತಂಪಾಗಿದ್ದದ್ದು ಮಣ್ಣಿನ ದಪ್ಪದಿಂದ. ಒಂದಡಿ ಮಣ್ಣು ಚದರ ಮೀಟರಿಗೆ 450 ಕೆ.ಜಿ. ಮೀರುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಅದನ್ನು ಹೊರಲು ಎರಡಡಿ ದಪ್ಪದ ಗೋಡೆಗಳಿದ್ದವು. ಈಗಿನ ಓಡಾಡುವ ಮಾಳಿಗೆಯನ್ನು ಜನ, ಸಾಮಾನು ಸೇರಿ ಚದರ ಮೀಟರಿಗೆ 150 ಕೆ.ಜಿ. ಹೊರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಗರ್ಡರ್ ಮೇಲೆ ಫರಸಿ ಹಾಸಿದ ಹಳೆಯ ಚಾವಣಿಯಾದರೆ ಹೊಸ ಭಾರವನ್ನೇ ಹೇರಬೇಡಿ.

ಯಾವ ಹೊದಿಕೆಗೂ ಮೊದಲು ನೀರಿನ ಕೆಲಸ ಮುಗಿಯಬೇಕು. ಸೋರುವ ಸ್ಲ್ಯಾಬಿನ ಮೇಲೆ ಹಲಗೆ ಹಾಸಿದರೆ ಸೋರಿಕೆ ಎಲ್ಲಿಂದ ಎಂದು ಮುಂದೆ ಹುಡುಕಲೂ ಆಗುವುದಿಲ್ಲ. ಬಿರುಕುಗಳನ್ನು ಉಳಿಯಿಂದ 'ವಿ' ಆಕಾರದಲ್ಲಿ 10 ಮಿ.ಮೀ. ಆಳ ಕೆತ್ತಿ, ಧೂಳು ಊದಿ ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ. ಇಳಿಜಾರು ನೂರಕ್ಕೆ ಒಂದಾದರೂ ಬೇಕು. ಹತ್ತಡಿಗೆ ಒಂದೂಕಾಲು ಇಂಚು ಇಳಿದರೆ ಸರಿ. ಕುಂಬಿ (ಮಾಳಿಗೆಯ ಸುತ್ತಲಿನ ಗಿಡ್ಡ ಗೋಡೆ) ಮತ್ತು ಸ್ಲ್ಯಾಬು ಸೇರುವ ಮೂಲೆಗೆ ಗಾರೆಯಿಂದ ಎರಡಿಂಚಿನ ಗೋಲಾ, ಅಂದರೆ ದುಂಡು ಅಂಚು, ತಿರುವಿ. ಪಾಲಿಮರ್ ಸಿಮೆಂಟಿನ ಲೇಪ ಎರಡು ಕೋಟು, ಒಂದು ಅಡ್ಡ, ಒಂದು ಉದ್ದ. ಮೊದಲ ಕೋಟು ಹಸಿಯಾಗಿರುವಾಗಲೇ ನಡುವೆ ಫೈಬರ್ ಜಾಲರಿ ಕೂರಿಸಿ, ಕುಂಬಿಯ ಮೇಲೂ ಒಂದಡಿ ಹತ್ತಿಸಿ. ಲೇಪ ಒಣಗಿದ ಮೇಲೆ ಪೈಪಿನ ಬಾಯಿ ಕಟ್ಟಿ ಎರಡಿಂಚು ನೀರು ನಿಲ್ಲಿಸಿ, ಮೂರು ದಿನ ಬಿಡಿ. ಗೌಂಡಿ ಒಂದು ರಾತ್ರಿ ಸಾಕು ಎನ್ನುತ್ತಾನೆ. ಒಪ್ಪಬೇಡಿ, ಕಾಂಕ್ರೀಟಿನಲ್ಲಿ ನೀರು ನಿಧಾನವಾಗಿ ಹರಿದು ಕೆಳಗೆ ಕಾಣಿಸಿಕೊಳ್ಳಲು ಎರಡು ದಿನವೂ ಹಿಡಿಯಬಹುದು. 400 ಚದರಡಿಗೆ ಒಂದರಂತೆ ನಾಲ್ಕಿಂಚಿನ ಪೈಪು ಇರಲಿ. ವರ್ಷದಲ್ಲಿ ನಮಗೆ ಮಳೆ ಕಡಿಮೆ ನಿಜ, ಬಂದರೆ ಮಾತ್ರ ಒಂದೇ ಏಟಿಗೆ ಸುರಿಯುತ್ತದೆ.

ಬಿಳಿ ಬಳಿಯುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಹೊಸ ಸುಣ್ಣ ಬಿಸಿಲಿನ ಮುಕ್ಕಾಲು ಭಾಗವನ್ನು ವಾಪಸು ಕಳಿಸುತ್ತದೆ, 60 ಡಿಗ್ರಿ ಕಾಯುತ್ತಿದ್ದ ಮೇಲ್ಮೈ 45ರ ಸುತ್ತ ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ 5 ಕಿಲೋವ್ಯಾಟ್ ಇದ್ದದ್ದು ಬರೀ ಬಣ್ಣದಿಂದ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದದ್ದೂ ಈ ಕಾರಣಕ್ಕೆ. 600 ಚದರಡಿಗೆ 25 ಕೆ.ಜಿ. ಅರಳಿದ ಸುಣ್ಣ, 5 ಕೆ.ಜಿ. ಬಿಳಿ ಸಿಮೆಂಟ್, ಸುಣ್ಣಕ್ಕೆ ಬೆರೆಸುವ ಅಂಟು ಎರಡೂವರೆ ಕೆ.ಜಿ. ತೆಗೆದುಕೊಳ್ಳಿ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ ಬಟ್ಟೆಯಲ್ಲಿ ಸೋಸಿ. ಬಿಳಿ ಸಿಮೆಂಟನ್ನು ಬಳಿಯುವ ಮುಂಚೆ ಸ್ವಲ್ಪ ಸ್ವಲ್ಪವೇ ಕಲಸಿ, ಒಂದು ತಾಸಿಗಿಂತ ಹೆಚ್ಚು ಇಟ್ಟರೆ ಗಟ್ಟಿಯಾಗುತ್ತದೆ. ಮಾಳಿಗೆ ತೊಳೆದು, ಮೈ ತೇವವಿರುವಾಗ ಮೂರು ಕೋಟು ಬಳಿಯಿರಿ. ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ. ಕಾದ ಸ್ಲ್ಯಾಬಿಗೆ ಮಧ್ಯಾಹ್ನ ಬಳಿದರೆ ನೀರು ಚಣದಲ್ಲಿ ಆರಿಹೋಗುತ್ತದೆ. ಸುಣ್ಣ ಗಾಳಿಯೊಡನೆ ಸೇರಿ ಗಟ್ಟಿಯಾಗಲು ತೇವ ಬೇಕು, ಅದಿಲ್ಲದೆ ಹಿಟ್ಟಿನಂತೆ ಉಳಿದು ವಾರದಲ್ಲೇ ಅಂಗಾಲಿಗೆ ಅಂಟುತ್ತದೆ. ಕಲ್ಲುಸುಣ್ಣ ತಂದು ಮನೆಯಲ್ಲೇ ಅರಳಿಸುವವರು ಮಕ್ಕಳನ್ನು ದೂರವಿಟ್ಟು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ, ಅದು ಕುದಿದು ಸಿಡಿಯುತ್ತದೆ. ಮಳೆನೀರು ತೊಟ್ಟಿಗೆ ಹಿಡಿಯುವ ಮನೆಯಾದರೆ ಸುಣ್ಣ ಬಳಿದ ವರ್ಷದ ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಿ.

ಅಂಗಡಿಯ ಬಿಳಿ ತಂಪು ಬಣ್ಣ ಸುಣ್ಣಕ್ಕಿಂತ ಹೆಚ್ಚು ವರ್ಷ ಹಿಡಿಯುತ್ತದೆ. 20 ಲೀಟರಿನ ಡಬ್ಬಿ ಎರಡು ಕೋಟಿಗೆ 400ರಿಂದ 500 ಚದರಡಿ ಬರುತ್ತದೆ. ಅದೇ ಡಬ್ಬಿಯಲ್ಲಿ 1000 ಚದರಡಿ ಮುಗಿಸಿ ಕೊಡುತ್ತೇನೆಂದರೆ ನೀರು ಬೆರೆಸುತ್ತಾರೆಂದೇ ಅರ್ಥ.

ಬಿಳಿಯ ಕಥೆ ಇಷ್ಟಕ್ಕೇ ಮುಗಿದಿದ್ದರೆ ಮುಂದಿನದನ್ನು ಬರೆಯಬೇಕಿರಲಿಲ್ಲ. ನಮ್ಮ ಜಿಲ್ಲೆಗಳ ಧೂಳು ಅದನ್ನು ಬಹಳ ದಿನ ಬಿಳಿಯಾಗಿರಲು ಬಿಡುವುದಿಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ಗಿಣಿಗೇರಾ ಸುತ್ತ ಕಾರ್ಖಾನೆಗಳ ಕರಿ ಮಸಿ, ಶಕ್ತಿನಗರದ ಆಸುಪಾಸು ಹಾರುಬೂದಿ, ಉಳಿದೆಡೆ ಎರೆಹೊಲದ ಮಣ್ಣು. ಯುಗಾದಿಗೆ ಬಳಿದ ಬಿಳಿ ಮೇ ಹೊತ್ತಿಗೆ, ಬೇಕಾದಾಗಲೇ, ಮಾಸಿರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಗೇಣು ಜಾಗ ಒರೆಸಿ ಪಕ್ಕದ ಜಾಗದೊಂದಿಗೆ ಹೋಲಿಸಿ. ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದ್ದರೆ ತೊಳೆಯಬೇಕು. ಎರಡು ವಾರಕ್ಕೊಮ್ಮೆ ತೊಳೆಯಲು ನೀರೂ ಮೈಯೂ ಇದ್ದವರಿಗೆ ಬಿಳಿ ಬಣ್ಣವೊಂದೇ ಸಾಕು. ಇಲ್ಲದವರು ಧೂಳಿಗೆ ಬಗ್ಗದ ತಡೆಯೊಂದನ್ನು ಸ್ಲ್ಯಾಬಿನ ಮೇಲೆ ಇಡಬೇಕು. ಬಿಳಿಯನ್ನು ಅದರ ಮೇಲೆ ಹೆಚ್ಚುವರಿಯಾಗಿ ಬಳಿದುಕೊಳ್ಳಲಿ.

ಆ ತಡೆ ಮೇಲೆಯೇ ಇರಬೇಕು ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕಾಂಕ್ರೀಟು ಬಿಸಿಗೆ ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಸ್ಲ್ಯಾಬು 30 ಡಿಗ್ರಿ ಏರಿದರೆ ಮೂರು ಮಿ.ಮೀ. ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಕೆಳಗಿನ ಗೋಡೆ ಅಷ್ಟು ಕದಲುವುದಿಲ್ಲ. ಮೇಲಂತಸ್ತಿನಲ್ಲಿ ಗೋಡೆ ಮತ್ತು ಸ್ಲ್ಯಾಬು ಕೂಡುವಲ್ಲಿ ದಾರ ಎಳೆದ ಹಾಗೆ ಅಡ್ಡ ಬಿರುಕು ಬಿಟ್ಟಿದ್ದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಎಷ್ಟು ಸಲ ಪುಟ್ಟಿ ತುಂಬಿದರೂ ಮರುವರ್ಷ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ಹೊದಿಕೆ ಮೇಲಿದ್ದರೆ ಸ್ಲ್ಯಾಬು ದಿನವಿಡೀ ಹೆಚ್ಚು ಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ, ಈ ಹಿಗ್ಗು ಕುಗ್ಗು ನಿಲ್ಲುತ್ತದೆ, ನೀರಿನ ಲೇಪಕ್ಕೂ ಆಯುಷ್ಯ ಬರುತ್ತದೆ.

ನನ್ನ ಆಯ್ಕೆ ಎರಡಿಂಚಿನ ಎಕ್ಸ್‌ಪಿಎಸ್. ಇದನ್ನು ಥರ್ಮೋಕೋಲ್ ಎಂದು ತಿಳಿದು ಮೋಸ ಹೋಗಬೇಡಿ. ಥರ್ಮೋಕೋಲ್ ಮುರಿದರೆ ಸಾಬುದಾನಿಯಂಥ ಗುಂಡುಗಳು ಬಿಡಿಬಿಡಿಯಾಗಿ ಉದುರುತ್ತವೆ, ಗುಂಡುಗಳ ಸಂದಿಯಲ್ಲಿ ನೀರು ನಿಧಾನವಾಗಿ ಸೇರುತ್ತದೆ. ಎಕ್ಸ್‌ಪಿಎಸ್ ಮುರಿದ ಕಡೆ ಬ್ರೆಡ್ಡಿನ ಹೋಳಿನಂತೆ ಒಂದೇ ಸಮನಾದ ಸಣ್ಣ ಕಣ್ಣುಗಳಿರುತ್ತವೆ, ನೀರು ಹಿಡಿಯುವುದಿಲ್ಲ ಎನ್ನುವಷ್ಟು ಕಡಿಮೆ. ಸಾಂದ್ರತೆ ಘನ ಮೀಟರಿಗೆ 32ರಿಂದ 36 ಕೆ.ಜಿ. ಇರಲಿ. ಸಾಮಾನ್ಯವಾಗಿ ಸಿಗುವ ಹಲಗೆ 1250×600 ಮಿ.ಮೀ., ಒಂದಕ್ಕೆ ಎಂಟು ಚದರಡಿ. 600 ಚದರಡಿಗೆ 75, ಕತ್ತರಿಸಿ ಹಾಳಾಗುವುದಕ್ಕೆ ಇನ್ನೊಂದು ನಾಲ್ಕು. ಬಂದ ಮಾಲಿನಲ್ಲಿ ಒಂದನ್ನು ತೂಗಿ ನೋಡಿ: ಎರಡಿಂಚಿನ ಹಲಗೆ 1.2 ಕೆ.ಜಿ.ಗಿಂತ ಕಡಿಮೆ ತೂಗಿದರೆ ಹೇಳಿದ ಸಾಂದ್ರತೆ ಅದರಲ್ಲಿಲ್ಲ.

ಹಾಸುವ ಕ್ರಮ ಹೀಗಿದೆ. ನೀರಿನ ಲೇಪ ಪರೀಕ್ಷೆಯಾಗಿ ಒಣಗಿದ ಮೇಲೆ ಹಲಗೆಗಳನ್ನು ಇಟ್ಟಿಗೆ ಕಟ್ಟಿದಂತೆ ಸಂದಿ ತಪ್ಪಿಸಿ, ಒತ್ತೊತ್ತಾಗಿ ಜೋಡಿಸಿ. ಅಂಚಿಗೆ ಮೆಟ್ಟಿಲು ಕೊಟ್ಟ ಹಲಗೆ ಸಿಕ್ಕರೆ ಒಳ್ಳೆಯದು. ಒಂದಿಂಚಿನದೇ ಸಿಕ್ಕರೆ ಎರಡು ಪದರ ಹಾಕಿ, ಮೇಲಿನ ಸಂದಿ ಕೆಳಗಿನದರ ಮೇಲೆ ಬರದಂತೆ ನೋಡಿ. ಸಂದಿಗಳಲ್ಲಿ ಬೆರಳು ಹೋಗುವಷ್ಟು ಜಾಗ ಬಿಟ್ಟರೆ ಅಲ್ಲೆಲ್ಲ ಸ್ಲ್ಯಾಬು ಪಟ್ಟೆ ಪಟ್ಟೆಯಾಗಿ ಕಾಯುತ್ತದೆ. ಹಲಗೆಯನ್ನು ಅಂಟಿಸಬೇಕಿಲ್ಲ. ಅಂಟಿಸಲೇಬೇಕೆಂದರೆ ಥಿನ್ನರ್, ಪೆಟ್ರೋಲ್ ಬೆರೆತ ಅಂಟನ್ನಾಗಲಿ, ದ್ರಾವಕವಿರುವ ಡಾಂಬರು ಪ್ರೈಮರನ್ನಾಗಲಿ ಹತ್ತಿರಕ್ಕೂ ತರಬೇಡಿ. ಹಲಗೆ ಬೆಲ್ಲದಂತೆ ಕರಗಿ ತೂತು ಬೀಳುತ್ತದೆ. ಹಾಸಿದ್ದನ್ನು ವಾರಗಟ್ಟಲೆ ಬಿಸಿಲಿಗೆ ಬಿಟ್ಟರೂ ಮೈ ಹಳದಿಯಾಗಿ ಪುಡಿಯೇಳುತ್ತದೆ. ಹಾಸಿದ ದಿನವೇ, ಹೆಚ್ಚೆಂದರೆ ಮರುದಿನ, ಮುಚ್ಚಬೇಕು.

ಮುಚ್ಚುವ ಮೊದಲು ಒಂದು ಪದರ ಜಿಯೋಟೆಕ್ಸ್‌ಟೈಲ್ ಬಟ್ಟೆ, ಚದರ ಮೀಟರಿಗೆ 120ರಿಂದ 150 ಗ್ರಾಮಿನದು, ಅಂಚಿಗೆ ಅರ್ಧ ಅಡಿ ಒಂದರ ಮೇಲೊಂದು ಬರಲಿ. ಇದಿಲ್ಲದಿದ್ದರೆ ಸಿಮೆಂಟಿನ ಹಾಲು ಸಂದಿಗಿಳಿದು ಗಟ್ಟಿಯಾಗುತ್ತದೆ, ಸಂದಿಯೇ ಶಾಖ ಇಳಿಯುವ ದಾರಿಯಾಗುತ್ತದೆ. ಬಟ್ಟೆಯ ಮೇಲೆ 40 ಮಿ.ಮೀ. ಕಾಂಕ್ರೀಟು: ಒಂದು ಸಿಮೆಂಟ್, ಎರಡು ಉಸುಕು, ನಾಲ್ಕು ಸಣ್ಣ ಕಡಿ. ನಡುವೆ ಕೋಳಿ ಜಾಲರಿ. 600 ಚದರಡಿಗೆ 14ರಿಂದ 15 ಚೀಲ ಸಿಮೆಂಟ್, 35 ಘನ ಅಡಿ ಉಸುಕು, 70 ಘನ ಅಡಿ 10 ಮಿ.ಮೀ. ಕಡಿ ಬೇಕು. ಇದನ್ನು ಒಂದೇ ಹಾಸಾಗಿ ಹಾಕುವುದೇ ದೊಡ್ಡ ತಪ್ಪು. ಕೆಳಗೆ ಶಾಖ ಇಳಿಯಲು ದಾರಿಯಿಲ್ಲದ ಈ ತೆಳು ಪದರ ಸ್ಲ್ಯಾಬಿಗಿಂತ ಹೆಚ್ಚು ಕಾಯುತ್ತದೆ, ಹೆಚ್ಚು ಹಿಗ್ಗುತ್ತದೆ, ಮೊದಲ ಬೇಸಿಗೆಗೇ ಸೀಳುತ್ತದೆ ಇಲ್ಲವೇ ಕುಂಬಿಯನ್ನು ಹೊರಕ್ಕೆ ತಳ್ಳುತ್ತದೆ. ಐದಡಿಗೆ ಐದಡಿ ಚೌಕಗಳಾಗಿ ಹಾಕಿ, ನಡುವೆ 10 ಮಿ.ಮೀ. ಸಂದಿ ಬಿಡಿ, ಜಾಲರಿಯನ್ನೂ ಅಲ್ಲಿ ಕತ್ತರಿಸಿ. ಕುಂಬಿಯಿಂದ ಮುಕ್ಕಾಲು ಇಂಚು ಹಿಂದೆಯೇ ನಿಲ್ಲಿಸಿ. ಸಂದಿಗೆ ಪಾಲಿಯುರೆಥೇನ್ ಸೀಲೆಂಟ್. ಹತ್ತು ದಿನ ಒದ್ದೆ ಗೋಣಿತಾಟು ಹೊದಿಸಿ ನೀರುಣಿಸಿ. ಏಪ್ರಿಲ್, ಮೇಯಲ್ಲಿ ಈ ಕೆಲಸ ಇಟ್ಟುಕೊಂಡರೆ ಬಿಸಿಗಾಳಿಗೆ ಕಾಂಕ್ರೀಟು ಹಾಕಿದ ತಾಸಿನಲ್ಲೇ ಜೇಡರ ಬಲೆಯಂಥ ಬಿರುಕು ಬಿಡುತ್ತದೆ. ಡಿಸೆಂಬರಿನಿಂದ ಫೆಬ್ರುವರಿ ಒಳಗೆ ಮುಗಿಸಿ.

ಮೇಲಿನ ಭಾರ ಕೇವಲ ಕಾವಲಿಗಲ್ಲ. ಪೈಪು ಕಟ್ಟಿಕೊಂಡು ನೀರು ನಿಂತರೆ ಹಲಗೆ ತೇಲುತ್ತದೆ. ಎರಡಿಂಚಿನ ಹಲಗೆ ಪೂರ್ತಿ ಮುಳುಗಿದರೆ ಚದರ ಮೀಟರಿಗೆ 48 ಕೆ.ಜಿ.ಯಷ್ಟು ಮೇಲಕ್ಕೆ ಒತ್ತುತ್ತದೆ. 40 ಮಿ.ಮೀ. ಕಾಂಕ್ರೀಟು 96 ಕೆ.ಜಿ., ಭದ್ರವಾಗಿ ಕೂರಿಸುತ್ತದೆ. ಸ್ಲ್ಯಾಬಿನ ಮೇಲೆ ಈಗಾಗಲೇ ನಾಲ್ಕಿಂಚು ಇಟ್ಟಿಗೆ ಗಾರೆಯಿದ್ದರೆ ಅದೇ ಚದರ ಮೀಟರಿಗೆ 200 ಕೆ.ಜಿ. ಹತ್ತಿರ ಇರುತ್ತದೆ. ಅಂಥ ಕಡೆ ಕಾಂಕ್ರೀಟು ಬಿಟ್ಟು ಒಂದಿಂಚಿನ ಶಹಾಬಾದ್ ಫರಸಿಯನ್ನು ಗಾರೆಯಿಲ್ಲದೆ ಹಾಸಿ. 60 ಕೆ.ಜಿ. ದಾಟುತ್ತದೆ, ತೇಲದಂತೆ ತಡೆಯಲು ಅಷ್ಟು ಸಾಕು, ಮುಂದೆ ಸೋರಿದರೆ ಎತ್ತಿ ನೋಡಲೂ ಬರುತ್ತದೆ. ಯಾವುದಕ್ಕೂ ಎಂಜಿನಿಯರರಿಗೆ ಒಮ್ಮೆ ಸ್ಲ್ಯಾಬು ತೋರಿಸಿ.

ಮಾಳಿಗೆ ಮೇಲೆ ಮೆಣಸಿನಕಾಯಿ, ಜೋಳ, ಸಂಡಿಗೆ ಹಪ್ಪಳ ಒಣಗಿಸುವ ಮನೆಗಳಿಗೆ ಈ ಗಟ್ಟಿ ಮೈಯೇ ಸರಿ. ಬಣ್ಣ ಮಾತ್ರ ಬಳಿದ ಮಾಳಿಗೆಯಲ್ಲಿ ಮೆಣಸಿನಕಾಯಿಯ ಕೆಂಪು ಕೂತುಬಿಡುತ್ತದೆ, ಎಳೆದಾಡಿದ ಮಂಚದ ಕಾಲು ಲೇಪವನ್ನೇ ಕೀಳುತ್ತದೆ.

ಎಕ್ಸ್‌ಪಿಎಸ್ ಸಿಗದ ಕಡೆ ಎಎಸಿ ಬ್ಲಾಕ್ ಎರಡನೆಯ ಆಯ್ಕೆ. 600×200×100 ಮಿ.ಮೀ. ಬ್ಲಾಕನ್ನು ಮಲಗಿಸಿ ಹಾಸಿದರೆ 600 ಚದರಡಿಗೆ 480ರಷ್ಟು ಬೇಕು. ಒಣಗಿದ್ದಾಗ ಚದರ ಮೀಟರಿಗೆ 60 ಕೆ.ಜಿ., ಆದರೆ ಇದು ನೀರು ಹೀರುತ್ತದೆ. ಹೀರಿದರೆ ತೂಕವೂ ಏರುತ್ತದೆ, ಶಾಖ ತಡೆಯುವ ಗುಣವೂ ಹೋಗುತ್ತದೆ. ಹಾಗಾಗಿ ನೀರಿನ ಲೇಪ ಕೆಳಗೊಂದು, ಮೇಲೊಂದು, ಎರಡು ಬೇಕು. ಆ ಖರ್ಚು ಸೇರಿಸಿ ಹೋಲಿಸಿ. ಮಡಕೆ ಬೋರಲು ಹಾಕಿ ಗಾರೆ ತುಂಬುವ ವಿಧಾನ ಕೇಳಲು ಚೆಂದ. ಮಡಕೆಗಳ ನಡುವಿನ ಗಾರೆಯಲ್ಲೇ ಶಾಖ ಇಳಿಯುತ್ತದೆ, ಒಂದು ಒಡೆದರೆ ಒಳಗೆ ನೀರು ನಿಲ್ಲುತ್ತದೆ. ನಾನು ಹೇಳುವುದಿಲ್ಲ.

ಕೆಳಗಿನಿಂದ ಮಾಡುವ ಜಿಪ್ಸಂ ಸೀಲಿಂಗು, ಮಾಳಿಗೆಯ ಮೇಲೆ ಹಕ್ಕಿಲ್ಲದ ಬಾಡಿಗೆದಾರರಿಗೆ ಉಳಿದ ದಾರಿ. ಸೀಲಿಂಗಿನ ಮೇಲೆ ಎರಡಿಂಚು ಗ್ಲಾಸ್‌ವೂಲ್ ಹಾಸಿದರೆ ಮಾತ್ರ ಅದಕ್ಕೆ ಅರ್ಥವಿದೆ. ಸ್ಲ್ಯಾಬು ಕಾಯುವುದು, ಗೋಡೆ ಬಿರಿಯುವುದು ಹಾಗೇ ಮುಂದುವರಿಯುತ್ತದೆ, ಸೋರಿಕೆಯೂ ಕಣ್ಣಿಗೆ ಬೀಳುವುದಿಲ್ಲ. ಥರ್ಮೋಕೋಲ್ ಹಾಳೆಯನ್ನು ಬರಿಮೈಯಲ್ಲಿ ಚಾವಣಿಗೆ ಅಂಟಿಸುವುದು ಅಪಾಯ, ವೈರಿನ ಒಂದು ಕಿಡಿಗೆ ಉರಿದು ಕರಗಿ ತಲೆಯ ಮೇಲೆ ತೊಟ್ಟಿಕ್ಕುತ್ತದೆ.

ನೆರಳೂ ಒಳ್ಳೆಯ ಹೊದಿಕೆ. ಗಂಗಾವತಿ, ಸಿಂಧನೂರಿನ ಕೃಷಿ ಅಂಗಡಿಗಳಲ್ಲಿ ಸಿಗುವ 75 ಪ್ರತಿಶತದ ನೆರಳು ಪರದೆಯನ್ನು ಮಾಳಿಗೆಯಿಂದ ಏಳಡಿ ಎತ್ತರಕ್ಕೆ ಕಟ್ಟಿದರೆ ಅದೇ ದಿನ ಫಲ ಕಾಣುತ್ತದೆ. ತಗಡಿನ ಶೀಟಾದರೆ ನಾಲ್ಕೂ ಬದಿ ತೆರೆದಿರಲಿ, ಗಾಳಿ ಆಡದಿದ್ದರೆ ತಗಡೇ ಕಾದು ಕೆಳಕ್ಕೆ ಬಿಸಿ ಕಾರುತ್ತದೆ. ಏಪ್ರಿಲ್, ಮೇಯ ಬಿರುಗಾಳಿ ಮಳೆಗೆ ಶೀಟು ಹಾರಿ ಪಕ್ಕದ ಮನೆಯ ಮೇಲೆ ಬೀಳುವುದುಂಟು. ಕಂಬವನ್ನು ಕುಂಬಿಗೆ ಕಟ್ಟದೆ, ತೊಲೆಯ ನೇರಕ್ಕೆ ತಳಪಟ್ಟಿ ಇಟ್ಟು ಬೋಲ್ಟ್ ಮಾಡಿಸಿ, ಬೋಲ್ಟಿನ ತೂತಿಗೆ ಸೀಲೆಂಟ್ ತುಂಬಿಸಿ.

ಕೆಲಸಕ್ಕೆ ಮೊದಲೂ ನಂತರವೂ ಅಳೆಯಿರಿ. ಬಂದೂಕಿನಾಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸಂಜೆ ಏಳೂವರೆಗೆ ಕೋಣೆಯ ಚಾವಣಿಯ ಐದು ಕಡೆ ಗುರಿಯಿಟ್ಟು ಬರೆದುಕೊಳ್ಳಿ: ನಾಲ್ಕು ಮೂಲೆ, ಒಂದು ನಡು. ಹೊರಗೆ ಅಷ್ಟೇ ಬಿಸಿಲಿದ್ದ ಇನ್ನೊಂದು ದಿನ, ಹೊದಿಕೆ ಆದ ಮೇಲೆ, ಅದೇ ಐದು ಕಡೆ ಮತ್ತೆ ನೋಡಿ. ಒಂದು ಮೂಲೆ ಮಾತ್ರ ಉಳಿದವುಗಳಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ತೋರಿಸಿದರೆ ಅಲ್ಲಿ ಹಲಗೆ ಕುಂಬಿಗೆ ತಾಗದೆ ನಿಂತಿದೆ ಇಲ್ಲವೇ ಸಂದಿ ಬಾಯಿ ಬಿಟ್ಟಿದೆ. ಗೌಂಡಿಯ ಕೊನೆಯ ಕಂತಿನ ದುಡ್ಡನ್ನು ಆ ಅಳತೆ ಮುಗಿಯುವವರೆಗೆ ಕೊಡಬೇಡಿ.